ಎರವಿನ ಕಾರ್ಬೊರೇಟರ್

ನಮ್ಮೂರಿನಲ್ಲಿ ಪೂರ್ತಿ ಒಬ್ಬರದೇ ಆದ ಕಾರು ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ಟಿನ ಕೆಳಗೆ ಒಂದಾದರೂ ಸಾಮಾನು ಬೇರೆಯವರದಾಗಿರಬೇಕು. ಕೊಂಡುಕೊಂಡದ್ದು ಲೆಕ್ಕಕ್ಕಿಲ್ಲ, ಎರವಲು ತಂದದ್ದೇ ಆಗಬೇಕು. ಹೊಸದಾಗಿ ಊರಿಗೆ ಬಂದವರು ಮೊದಲ ವಾರ ಬ್ಯಾಟರಿ ಬದಲಾಯಿಸುತ್ತಾರೆ, ಪ್ಲಗ್ಗು ಬದಲಾಯಿಸುತ್ತಾರೆ, ಮೆಕ್ಯಾನಿಕ್ಕಿನ ಮೇಲೆ ರೇಗುತ್ತಾರೆ. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಪಕ್ಕದ ಮನೆಯ ಬಾಗಿಲು ತಟ್ಟಿ, ಒಂದು ಫ್ಯಾನ್ ಬೆಲ್ಟ್ ಇದ್ದರೆ ಕೊಡ್ತೀರಾ ಎಂದು ಕೇಳುತ್ತಾರೆ. ಪಕ್ಕದ ಮನೆಯವರು ಮೊದಲು ಕಾಫಿ ಕೊಟ್ಟು ಆಮೇಲೆ ಬೆಲ್ಟ್ ಕೊಡುತ್ತಾರೆ. ಇಲ್ಲಿ ಪರಿಚಯಗಳು ಶುರುವಾಗುವುದೇ ಹಾಗೆ. ಮುಗಿಯುವುದೂ ಹಾಗೆಯೇ. ಜಗಳವಾಡಿದವರು ಸ್ಪ್ಯಾನರ್ ಹಿಡಿದುಕೊಂಡು ಹೋಗಿ ತಮ್ಮ ಸಾಮಾನು ಬಿಚ್ಚಿಕೊಂಡು ಬರುತ್ತಾರೆ.

ನಾವಿರುವುದು ಓಟದ ಗಾಡಿಗಳ ಸಾಮಾನು ಮಾರುವ ಬೀದಿಯಲ್ಲಿ. ಊರ ಹಿಂದಿನ ಬೆಟ್ಟಕ್ಕೆ ಹನ್ನೊಂದು ತಿರುವುಗಳ ರಸ್ತೆಯಿದೆ. ತಿಂಗಳ ಮೊದಲ ಭಾನುವಾರ ಅಲ್ಲಿ ಓಟ. ಉಳಿದ ದಿನಗಳೆಲ್ಲ ಆ ಒಂದು ಬೆಳಗಿಗಾಗಿ ಗಾಡಿ ಸಿದ್ಧಮಾಡಿಕೊಳ್ಳುವುದರಲ್ಲಿ ಕಳೆಯುತ್ತವೆ. ದಪ್ಪ ಕೊಳವೆಯ ಸೈಲೆನ್ಸರ್, ಗಡಸು ಸ್ಪ್ರಿಂಗು, ಹಗುರ ಮಾಡಿದ ಫ್ಲೈವೀಲು, ಒಂದೊಂದನ್ನೂ ಮದುವೆಗೆ ಹೆಣ್ಣು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡುವ ಗಂಡಸರು ನಮ್ಮ ಅಂಗಡಿಯ ಮುಂದೆ ಸದಾ ಇರುತ್ತಾರೆ. ಅಪ್ಪನದು ಕಾರ್ಬೊರೇಟರ್ ಅಂಗಡಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಸಿರು ಕೊಡುವ ಸಾಮಾನಿನದು. ಗಿರಾಕಿ ತಂದದ್ದನ್ನು ಕಿವಿಯ ಪಕ್ಕ ಅಲ್ಲಾಡಿಸಿ ಫ್ಲೋಟಿನೊಳಗೆ ಪೆಟ್ರೋಲ್ ಹೊಕ್ಕಿದೆಯೇ ಎಂದು ಹೇಳಬಲ್ಲ. ಅಲುಗುವ ಕಡ್ಡಿಯೊಂದನ್ನು ಉಗುರಿನಲ್ಲಿ ಒತ್ತಿ, "ಇದು ಬೆಟ್ಟ ಹತ್ತಿದ್ದಲ್ಲಪ್ಪ, ಮದುವೆ ದಿಬ್ಬಣದಲ್ಲಿ ಓಡಾಡಿದ್ದು, ಯಾರಿಗೆ ಟೋಪಿ ಹಾಕ್ತೀಯ?" ಎನ್ನಬಲ್ಲ. ಆದರೆ ಅಪ್ಪನ ಕಣ್ಣು ಮಂಜಾಗತೊಡಗಿ ಮೂರು ವರ್ಷವಾಯಿತು. ಪೆಟ್ರೋಲ್ ಚಿಮ್ಮುವ ಜೆಟ್ಟಿನ ಮೇಲೆ ಕೆತ್ತಿದ ಸಣ್ಣ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುವವಳು ನಾನು.

ಬಿ.ಎ. ಮುಗಿಸಿದ ಮೇಲೆ ನಾನು ಅಂಗಡಿಯ ಒಳಮೇಜಿಗೆ ಬಂದು ಕೂತೆ, ಅಲ್ಲಿಯೇ ಉಳಿದೆ. ನನಗೆ ಮಾತು ಬರುವುದಿಲ್ಲವೆಂದಲ್ಲ. ಬರುವ ಹೊತ್ತಿಗೆ ಕೇಳಿದವರು ಹೊರಟುಹೋಗಿರುತ್ತಾರೆ. ಹಾಗೆ ಉಳಿದುಹೋದ ಮಾತುಗಳೆಲ್ಲ ಡೈರಿಗೆ ಹೋಗುತ್ತವೆ. ಆದರೆ ಕೇಳುವುದು ನನಗೆ ಚೆನ್ನಾಗಿ ಬರುತ್ತದೆ. ಜೋಡಿ ಕಾರ್ಬೊರೇಟರ್ ಇರುವ ಗಾಡಿಯಲ್ಲಿ ಎರಡೂ ಸಮನಾಗಿ ಉಸಿರಾಡಬೇಕು, ಇಲ್ಲದಿದ್ದರೆ ಎಂಜಿನ್ ಕುಂಟುತ್ತದೆ. ಅದಕ್ಕೊಂದು ಉಪಾಯವಿದೆ: ಒಂದು ಮೊಳ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಮೊದಲು ಈ ಕಾರ್ಬೊರೇಟರಿನ ಬಾಯಿಗೆ, ಆಮೇಲೆ ಆ ಕಾರ್ಬೊರೇಟರಿನ ಬಾಯಿಗೆ ಹಿಡಿಯಬೇಕು. ಎರಡೂ ಕಡೆ ಒಂದೇ ಶ್ರುತಿಯ ಹಿಸ್ ಎನ್ನುವ ಸದ್ದು ಬರುವವರೆಗೆ ಸ್ಕ್ರೂ ತಿರುಗಿಸುತ್ತ ಹೋಗಬೇಕು. ಬೀದಿಯಲ್ಲಿ ಆ ಕೆಲಸಕ್ಕೆ ನನ್ನನ್ನು ಕರೆಯುತ್ತಾರೆ. ಮಾತಾಡದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಕಸುಬು ಎಲ್ಲಿ ಸಿಕ್ಕೀತು ಎಂದು ಎದುರಂಗಡಿಯ ಟೈರ್ ಜುಬೇದಕ್ಕ ನಗುತ್ತಾರೆ.

ಹೇರಂಬ ನಮ್ಮ ಅಂಗಡಿಗೆ ಬಂದದ್ದು ಎರಡು ವರ್ಷದ ಹಿಂದೆ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಸೀಟಿ, ಕೈಯಲ್ಲಿ ಟವೆಲ್ ಸುತ್ತಿದ ಒಂದು ಕಾರ್ಬೊರೇಟರ್. ಸೋದರಮಾವನ ಸಾಸಿವೆ ಬಣ್ಣದ ಎರಡು ಬಾಗಿಲಿನ ಕಾರು ಅವನ ಪಾಲಿಗೆ ಬಂದಿತ್ತು. ಅದಕ್ಕೆ ಜೋಡಿ ಬೇಕು, ಗುಜರಿಯಲ್ಲಿ ಸಿಕ್ಕಿದ್ದು ಒಂದೇ. ಅಪ್ಪ ಅದನ್ನು ಸವರಿ ನೋಡಿ ಸುಮ್ಮನೆ ನನ್ನ ಮೇಜಿನ ಕಡೆ ತಿರುಗಿದ. ಯಾಕೆಂದರೆ ಅದರ ಜೊತೆಯದು ನನ್ನ ಬಳಿಯಿತ್ತು. ನಾನು ಪದವಿ ಮುಗಿಸಿದ ದಿನ ಅಪ್ಪ ಕೊಟ್ಟಿದ್ದ ಉಡುಗೊರೆ. ಬೇರೆ ಮನೆಗಳಲ್ಲಿ ಗಡಿಯಾರ ಕೊಡುತ್ತಾರೆ.

"ಇದೇ! ಇದರದ್ದೇ ಜೋಡಿ! ಹೇಳ್ರೀ, ಏನು ಕೊಡಬೇಕು?" ಎಂದ ಹೇರಂಬ. ಆಸೆಯನ್ನು ಮುಚ್ಚಿಟ್ಟುಕೊಂಡು ಚೌಕಾಸಿ ಮಾಡಬೇಕೆಂಬುದು ಕೂಡ ಅವನಿಗೆ ಗೊತ್ತಿರಲಿಲ್ಲ.

"ಮಾರೋದಿಲ್ಲ," ಎಂದೆ. ಅವನ ಮುಖ ಇಳಿದುಹೋಯಿತು. ಅದನ್ನು ನೋಡಲಾರದೆ, ಜೀವನದಲ್ಲಿ ಮೊದಲ ಸಲ ಸರಿಯಾದ ಹೊತ್ತಿಗೆ ನನ್ನ ಬಾಯಿಂದ ಮಾತು ಬಂತು: "ಎರವಲು ಬೇಕಾದ್ರೆ ತಗೊಂಡು ಹೋಗಿ."

"ಎರವಲಾ? ಹಾಗಾದ್ರೆ ಸ್ಟಾರ್ಟ್ ಆಗೋದಕ್ಕೂ ಅದೇ ಆಯ್ತು, ಓಡೋದಕ್ಕೂ ಅದೇ ಆಯ್ತು! ಏನ್ ವಾಸಣ್ಣಾ, ನಿಮ್ಮ ಮಗಳು ಒಂದೇ ಕಲ್ಲಿಗೆ ನನ್ನ ಎರಡೂ ಕೆಲಸ ಮುಗಿಸಿಬಿಟ್ಟರಲ್ಲ!"

ಅಪ್ಪ ಕನ್ನಡಕ ಒರೆಸುತ್ತ, "ಅವಳು ಮಾತಾಡಿದ್ದೇ ದೊಡ್ಡದು, ಮೊದಲು ತಗೊಂಡು ಹೋಗಪ್ಪ," ಎಂದ.

ಎರವಿಗೂ ಒಂದು ಕ್ರಮವಿದೆ. ಸಾಮಾನು ಕೊಟ್ಟವರೇ ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ತೊಳೆದು ಕೂರಿಸಬೇಕು. ತೆಗೆದುಕೊಂಡವರು ಅದನ್ನು ಗಾಡಿಯಿಂದ ಇಳಿಸಿ ತರಬಹುದು, ಆರೈಕೆಗೆ ಕೈ ಹಾಕಬಾರದು. ಹಾಕಿದರೆ ಅದು ಮೆಲ್ಲಗೆ ಅವರಿಗೇ ಹೊಂದಿಕೊಂಡುಬಿಡುತ್ತದೆ. ಹೊಂದಿಕೊಂಡ ಮೇಲೆ ಅದು ಎರವಲ್ಲ. ಎರವಲ್ಲದ ಮೇಲೆ ಗಾಡಿ ನಿಲ್ಲುತ್ತದೆ. ಹೊಂದಿಕೊಳ್ಳುವುದಕ್ಕೆ ಇನ್ನೊಂದು ದಾರಿಯೂ ಇದೆ. ಅದನ್ನು ಬೀದಿಯವರು ಸ್ವಲ್ಪ ನಗುತ್ತ ಹೇಳುತ್ತಾರೆ. ಗಂಡ ಹೆಂಡತಿಯ ನಡುವಿನ ಎರವು ಕೊನೆಯವರೆಗೆ ನಡೆಯುವುದಿಲ್ಲ. ಮದುವೆಯಾಗಿ ಒಂದು ವರ್ಷಕ್ಕೋ ಹತ್ತು ವರ್ಷಕ್ಕೋ ಒಂದು ದಿನ ನಡುರಸ್ತೆಯಲ್ಲಿ ಕಾರು ನಿಂತುಬಿಡುತ್ತದೆ, ಕೊಟ್ಟವರು ಬೇರೆ, ತೆಗೆದುಕೊಂಡವರು ಬೇರೆ ಎನ್ನುವುದು ಉಳಿದಿಲ್ಲ ಎಂದು ಎಂಜಿನ್ನಿಗೆ ಗೊತ್ತಾಗಿರುತ್ತದೆ. ಆ ದಿನ ಕಾರನ್ನು ತಳ್ಳಿಕೊಂಡು ಬರುವ ದಂಪತಿಗೆ ಬೀದಿಯವರು ಸಿಹಿ ಕೊಡುತ್ತಾರೆ. ಜುಬೇದಕ್ಕನ ಗಾಡಿ ಅವರ ಯಜಮಾನರು ಕೊಟ್ಟ, ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಓಡುತ್ತದೆ. "ಇಪ್ಪತ್ತೆರಡು ವರ್ಷ ಆಯ್ತು ಬೇಟಿ," ಎನ್ನುತ್ತಾರೆ. "ದಿನಾ ಬೆಳಿಗ್ಗೆ ಚಾವಿ ತಿರುಗಿಸ್ತೀನಿ, ಹಾಳಾದ್ದು ಒಂದೇ ಸಲಕ್ಕೆ ಸ್ಟಾರ್ಟು!" ಹೇಳಿ ತಾವೇ ಮೊದಲು ನಗುತ್ತಾರೆ. ಆಮೇಲೆ ಬಹಳ ಹೊತ್ತು ಟೈರಿಗೆ ಗಾಳಿ ತುಂಬುತ್ತಾರೆ.

ತಿಂಗಳ ಎರಡನೆಯ ಬುಧವಾರ ಶಾಲೆ ಬಿಟ್ಟ ಮೇಲೆ ಹೇರಂಬ ಬರುತ್ತಿದ್ದ. ನನ್ನ ಕಾರ್ಬೊರೇಟರನ್ನು ಮನೆಯಲ್ಲೇ ಗಾಡಿಯಿಂದ ಇಳಿಸಿ ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದ. ನಾನು ತಟ್ಟೆಯಲ್ಲಿ ಪೆಟ್ರೋಲ್ ಹಾಕಿಕೊಂಡು ತೊಳೆಯುವಷ್ಟು ಹೊತ್ತು ಎದುರಿನ ಸ್ಟೂಲಿನಲ್ಲಿ ಕೂತು ಮಾತಾಡುತ್ತಿದ್ದ. ಎಂಟನೇ ಕ್ಲಾಸಿನವರು ಹಗ್ಗ ಜಗ್ಗಾಟದಲ್ಲಿ ಹಗ್ಗವನ್ನೇ ತುಂಡು ಮಾಡಿದ್ದು, ಅವನ ತಾಯಿ ಕಾರಿಗೆ ಸಾಸಿವೆ ಬಣ್ಣ ಬೇಡ, ಮದುವೆಗೆ ಹೆಣ್ಣು ಕೊಡುವವರು ನಗುತ್ತಾರೆ ಎಂದದ್ದು, ಐದನೆಯ ತಿರುವಿನಲ್ಲಿ ಪಿಕಪ್ ಸಾಲದೆ ಒದ್ದಾಡಿದ್ದು. ನಾನು ಹೂಂ ಎನ್ನುತ್ತಿದ್ದೆ. ಬೇಗ ಮುಗಿದುಹೋಗದಂತೆ ಒಂದೊಂದು ಜೆಟ್ಟನ್ನೂ ಎರಡೆರಡು ಸಲ ಊದುತ್ತಿದ್ದೆ. ಆಮೇಲೆ ಅವನ ಮನೆಯ ಮುಂದಿದ್ದ ಗಾಡಿಯ ಹತ್ತಿರ ಹೋಗಿ ಕೂರಿಸಿ, ಟ್ಯೂಬ್ ಕಿವಿಗಿಟ್ಟುಕೊಂಡು, ಅವನದೊಂದರ ಉಸಿರನ್ನೂ ನನ್ನದೊಂದರ ಉಸಿರನ್ನೂ ಸಮ ಮಾಡುತ್ತಿದ್ದೆ. ಅಂದಿನ ಡೈರಿಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. "ಮೇನ್ ಜೆಟ್ ಸರಿಯಿದೆ. ಗ್ಯಾಸ್ಕೆಟ್ ಹೊಸದು. ನೀಲಿ ಶರ್ಟು." ಬಾಯಲ್ಲಿ ಅವರು ಎನ್ನುತ್ತಿದ್ದವಳು ಡೈರಿಯಲ್ಲಿ ಯಾವಾಗಿನಿಂದ ಅವನು ಎಂದು ಬರೆಯತೊಡಗಿದೆನೋ, ಹಿಂದಿನ ಪುಟಗಳನ್ನು ಹುಡುಕಿದರೂ ಸಿಗಲಿಲ್ಲ.

ಓಟದ ಭಾನುವಾರ ಬೀದಿಯೆಲ್ಲ ಬೆಟ್ಟದ ಬುಡಕ್ಕೆ ಹೋಗುತ್ತದೆ. ನಾನು ಹೋಗುವುದಿಲ್ಲ. ತಾರಸಿಯ ಮೇಲೆ ನಿಂತರೆ ಎಲ್ಲ ಕೇಳುತ್ತದೆ, ಯಾವ ಗಾಡಿ ಯಾವ ತಿರುವಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸಾಸಿವೆ ಬಣ್ಣದ ಕಾರಿನ ಸದ್ದಿನಲ್ಲಿ ಅರ್ಧ ನನ್ನದು. ಮೊದಮೊದಲು ಅದು ಸಲೀಸಾಗಿ ಹತ್ತಿದಾಗ ಹೆಮ್ಮೆಯಾಗುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಎಲ್ಲಾದರೂ ನಿಲ್ಲಲಿ ಎಂದು ಕಾಯತೊಡಗಿದ್ದೆ. ನಾನೇನು ಅವನ ಹೆಂಡತಿಯಲ್ಲ. ಆದರೆ ಎಂಜಿನ್ ಮದುವೆಯ ಕಾಗದ ನೋಡುವುದಿಲ್ಲವಲ್ಲ. ನನ್ನ ಕಡೆಯಿಂದ ಆ ಕಾರ್ಬೊರೇಟರ್ ಎಂದೋ ಅವನದಾಗಿತ್ತು. ಒಬ್ಬರ ಕಡೆಯಿಂದಾದರೆ ಸಾಲದೆಂದು ಕಾಣುತ್ತದೆ. ಪ್ರತಿ ಓಟದ ಭಾನುವಾರ ಅದು ಹನ್ನೊಂದೂ ತಿರುವು ದಾಟಿ ಶಿಖರದಲ್ಲಿ ಒಮ್ಮೆ ಗರ್ಜಿಸುತ್ತಿತ್ತು, ಕೆಳಗಿನಿಂದ ಚಪ್ಪಾಳೆ ಕೇಳುತ್ತಿತ್ತು. ನಾನು ಮೆಟ್ಟಿಲಿಳಿದು ಬಂದು ಅನ್ನಕ್ಕಿಡುತ್ತಿದ್ದೆ.

ಈ ಸಲ ಏಳನೆಯ ತಿರುವಿನಲ್ಲಿ ಸದ್ದು ನಿಂತಿತು.

ಗೇರ್ ಬದಲಾವಣೆಯ ನಿಲುಗಡೆಯಲ್ಲ. ಮಾತಿನ ನಡುವೆ ಯಾರೋ ಎದ್ದುಹೋದ ಹಾಗೆ ನಿಂತಿತು. ಸೆಲ್ಫ್ ಸ್ಟಾರ್ಟರ್ ತಿರುಗಿತು, ಮತ್ತೆ ತಿರುಗಿತು, ಎಂಜಿನ್ ಹತ್ತಿಕೊಳ್ಳಲಿಲ್ಲ. ತಾರಸಿಯ ಗೋಡೆಯನ್ನು ಹಿಡಿದುಕೊಂಡೆ. ಕಾಗೆಯೊಂದು ಪಕ್ಕದಲ್ಲೇ ಕೂತು ನನ್ನನ್ನು ನೋಡುತ್ತಿದ್ದರೂ ಓಡಿಸಲಿಲ್ಲ. ಮಧ್ಯಾಹ್ನ ಬೀದಿಯವರು ಮರಳಿ ಬಂದಾಗ ಜುಬೇದಕ್ಕ ಮೈಸೂರುಪಾಕಿನ ಡಬ್ಬಿಯನ್ನು ನಮ್ಮ ಜಗಲಿಯ ಮೇಲೆ ತಂದಿಟ್ಟರು.

"ಯಾಕಕ್ಕ ಇದು?"

"ಯಾಕಂತೆ! ಡ್ರಿಲ್ ಮೇಷ್ಟ್ರ ಗಾಡಿ ತಳ್ಳಿಕೊಂಡು ಬಂದ್ರು ನಾಲ್ಕು ಜನ. ಪೆಟ್ರೋಲ್ ಇದೆ, ಕರೆಂಟ್ ಇದೆ, ಉಸಿರೇ ಇಲ್ಲ. ನಾನು ಈ ಬೀದೀಲಿ ಕೂದಲು ನೆರೆಸಿದ್ದು ಟೈರು ನೋಡಿಕೊಂಡು ಮಾತ್ರ ಅಂದ್ಕೊಂಡಿದೀಯಾ?"

"ಹಾಗೇನಿಲ್ಲಕ್ಕ."

"ಇಲ್ಲದಿದ್ರೆ ಮುಖ ಯಾಕೆ ಕೆಂಪು? ತಿನ್ನು. ನನಗಂತೂ ತಿನ್ನೋ ಯೋಗ ಬರಲಿಲ್ಲ."

ಸೋಮವಾರ ಬೆಳಿಗ್ಗೆ ಶಾಲೆಗೆ ಮುಂಚೆಯೇ ಹೇರಂಬ ಬಂದ. ಟವೆಲ್ ಸುತ್ತಿದ್ದನ್ನು ನನ್ನ ಮೇಜಿನ ಮೇಲಿಟ್ಟ. ಕೂರಲಿಲ್ಲ.

"ತಪ್ಪಾಯ್ತು ಕಣ್ರೀ ವಿಶಾಖಾ. ನನ್ನಿಂದಲೇ ಆಗಿದ್ದು."

ಅಪ್ಪ ಪಕ್ಕದಲ್ಲೇ ಕೂತಿದ್ದ. "ಏನು?" ಎಂದೆ.

"ಆರು ತಿಂಗಳಿಂದ ನಾನೇ ತೊಳೀತಿದ್ದೆ ಅದನ್ನ. ಮನೇಲಿ ಬಿಚ್ಚಿ, ಬಟ್ಟಲು, ಜೆಟ್ಟು ಎಲ್ಲಾ ಚೊಕ್ಕ ಮಾಡಿ ಆಮೇಲೆ ನಿಮ್ಮ ಹತ್ತಿರ ತರ್ತಿದ್ದೆ. ಚಳಿಗಾಲದಲ್ಲಿ ನೋಡಿದ್ದೆ, ಪೆಟ್ರೋಲಿಗೆ ನಿಮ್ಮ ಬೆರಳು ಬಿರುಕು ಬಿಟ್ಟಿತ್ತು. ಅಷ್ಟು ಕೊಳಕು ಸಾಮಾನು ತಂದು ನಿಮ್ಮ ಮುಂದಿಡೋಕೆ ಮನಸ್ಸು ಬರಲಿಲ್ಲ. ಹೇಗೂ ನೀವು ಇನ್ನೊಂದು ಸಲ ತೊಳೀತೀರಲ್ಲ, ಏನೂ ಆಗಲ್ಲ ಅಂದುಕೊಂಡೆ."

ನನಗೆ ಗೊತ್ತಾಗಬೇಕಿತ್ತು. ಆರು ತಿಂಗಳಿಂದ ಡೈರಿಯಲ್ಲಿ ಬರೆದಿದ್ದೆ: "ಬಟ್ಟಲಿನ ತಳದಲ್ಲಿ ಗಸಿಯಿಲ್ಲ." "ಈ ಸಲವೂ ಇಲ್ಲ." ಬಂಕಿನವರು ಒಳ್ಳೆಯ ಪೆಟ್ರೋಲ್ ತರಿಸುತ್ತಿರಬೇಕು ಎಂದು ಸಮಾಧಾನ ಹೇಳಿಕೊಂಡು ಚೊಕ್ಕವಿದ್ದದ್ದನ್ನೇ ಮತ್ತೆ ತೊಳೆದಿದ್ದೆ. ಯಾಕೆ ಹೀಗೆ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಅವನು ಬರುವ ಬುಧವಾರಗಳಿಗೆ ಏನಾದರೂ ಆದೀತೆಂದು ಸುಮ್ಮನಿದ್ದೆ.

ಅಪ್ಪ ಕಾರ್ಬೊರೇಟರನ್ನು ಎತ್ತಿಕೊಂಡು ಬೆರಳಿನಿಂದಲೇ ನೋಡಿದ. "ಎರವಿನ ಸಾಮಾನಿಗೆ ಇಷ್ಟು ಮರ್ಯಾದೆ ತೋರಿಸಿದವನನ್ನ ನಾನು ಇವತ್ತೇ ನೋಡಿದ್ದು," ಎಂದ. "ಇರಲಿ. ತೊಳೆದದ್ದರಿಂದ ಹೊಂದಿದ್ದಾದರೆ ಹೆದರಬೇಕಾಗಿಲ್ಲ. ಹನ್ನೆರಡು ದಿನ ಕೊಟ್ಟವರ ಮನೇಲಿ ಒಣಗಿದರೆ ಮತ್ತೆ ಕೊಟ್ಟವರದೇ ಆಗುತ್ತೆ, ಗಾಡಿ ಓಡುತ್ತೆ."

"ತೊಳೆದದ್ದರಿಂದ ಅಲ್ಲದಿದ್ರೆ?" ಎಂದು ಹೇರಂಬ ಕೇಳಿದ.

ಅಪ್ಪ ಮಂಜುಗಣ್ಣಿನಿಂದ ಅವನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ತಿರುಗಿ, ಚಹಾ ತರಿಸುತ್ತೇನೆ ಎಂದು ಹೊರಗೆ ಹೋದ. ಹೇರಂಬ ಶಾಲೆಗೆ ಹೊತ್ತಾಯಿತೆಂದು ಚಹಾ ಬರುವ ಮೊದಲೇ ಹೊರಟ.

ಆ ಹನ್ನೆರಡು ದಿನ ಅದು ನನ್ನ ಕೋಣೆಯಲ್ಲಿ, ಓದುವ ಮೇಜಿನ ಮೇಲೆ, ಹಳೆಯ ಪತ್ರಿಕೆಯೊಂದರ ಮೇಲೆ ಕೂತಿತ್ತು. ಬೆಳಗಿನ ಬಿಸಿಲು ಬಿದ್ದಾಗ ಹಿತ್ತಾಳೆಯ ಭಾಗಗಳು ಹೊಳೆಯುತ್ತಿದ್ದವು. ಅಷ್ಟು ಚೊಕ್ಕವಾಗಿ ನಾನೂ ತೊಳೆಯುವುದಿಲ್ಲ. ಸ್ಕ್ರೂವಿನ ತಲೆಯ ಗೀರಿನೊಳಗೂ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ್ದ. ಒಂದು ದಿನ ಅದನ್ನು ನೋಡಿ, ಇಷ್ಟು ಒರೆಸಿದವನಿಗೆ ಸುಮ್ಮನೆ ಮರ್ಯಾದೆಯೊಂದೇ ಇದ್ದೀತೇ ಅನ್ನಿಸುತ್ತಿತ್ತು. ಮರುದಿನ ಅದನ್ನೇ ನೋಡಿ, ಡ್ರಿಲ್ ಮೇಷ್ಟ್ರಲ್ಲವೇ, ಶಾಲೆಯ ಡಂಬಲ್ಸನ್ನೂ ಹೀಗೇ ಒರೆಸುತ್ತಾನೇನೋ ಅನ್ನಿಸುತ್ತಿತ್ತು. ಗಾಡಿ ಸ್ಟಾರ್ಟ್ ಆದರೆ ಬುಧವಾರಗಳು ಉಳಿಯುತ್ತವೆ, ಆದರೆ ನಾನು ಅವನಿಗೆ ಪರರೇ. ಆಗದಿದ್ದರೆ ಅವನು ಇನ್ನಾರ ಬಳಿಯೋ ಎರವಿಗೆ ಹೋಗಬೇಕು, ಆದರೆ ನನಗೆ ಬೇಕಾದ ಉತ್ತರ ಸಿಕ್ಕಿರುತ್ತದೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು? ಹತ್ತನೆಯ ದಿನ ಒಂದು ಕೆಟ್ಟ ಯೋಚನೆ ಬಂತು. ಪೆಟ್ರೋಲ್ ತಡೆಯುವ ಪುಟ್ಟ ಸೂಜಿಯನ್ನು ಸ್ವಲ್ಪ ಕಚ್ಚಿಕೊಳ್ಳುವಂತೆ ಮಾಡಿದರೆ ಸಾಕು, ಪೆಟ್ರೋಲ್ ಉಕ್ಕಿ ಪ್ಲಗ್ಗುಗಳು ನೆನೆದು ಗಾಡಿ ಸ್ಟಾರ್ಟ್ ಆಗುವುದಿಲ್ಲ. ನನ್ನ ಕಿವಿಯೊಂದನ್ನು ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ ಕೂಡ. ಬಟ್ಟಲು ಬಿಚ್ಚಿ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ಸರಿಯಾಗಿ ಕೂತಿತ್ತೆಂದರೆ ಅದನ್ನು ಕೆಡಿಸಲು ಕೈ ಬರಲಿಲ್ಲ. ಇದ್ದ ಹಾಗೆಯೇ ಕೂರಿಸಿದೆ.

ಹನ್ನೆರಡು ದಿನ ಮುಗಿದ ಶನಿವಾರ ಶಾಲೆ ಅರ್ಧ ದಿನ. ಹೇರಂಬ ಮನೆಯ ಹತ್ತಿರದ ಇಬ್ಬರಿಂದ ಕಾರು ತಳ್ಳಿಸಿಕೊಂಡು ಬಂದ. ಅವರು ಬೆವರು ಒರೆಸಿಕೊಂಡು ಜುಬೇದಕ್ಕನ ಅಂಗಡಿಯಲ್ಲಿ ನೀರು ಕುಡಿಯಲು ಹೋದರು. ನಾನು ಬಾನೆಟ್ಟಿನೊಳಗೆ ಬಗ್ಗಿ ಕಾರ್ಬೊರೇಟರ್ ಕೂರಿಸಿದೆ. ಅವನದೂ ನನ್ನದೂ ಪಕ್ಕಪಕ್ಕದಲ್ಲಿ ಮತ್ತೆ ಕಾಣುವಾಗ ಕಣ್ಣು ತುಂಬಿ ಬಂತು. ಪೆಟ್ರೋಲಿನ ಘಾಟು ಎಂದುಕೊಂಡಿರಬಹುದು ನೋಡಿದವರು. ಹೇರಂಬ ಸೀಟಿನಲ್ಲಿ ಕೂತು ಚಾವಿ ಹಾಕಿದ, ತಿರುಗಿಸಲಿಲ್ಲ.

"ಏನ್ರೀ, ಸ್ಟಾರ್ಟ್ ಆಗದಿದ್ರೆ ಏನರ್ಥ ಅಂತ ಅವತ್ತು ನಿಮ್ಮ ತಂದೆ ಹೇಳಲಿಲ್ಲ."

"ನೀವು ತೊಳೆದದ್ದರಿಂದ ಅಲ್ಲ ಅಂತ ಅರ್ಥ."

"ಹಾಗಾದ್ರೆ ಯಾವುದರಿಂದ?"

ಬಾನೆಟ್ ಎತ್ತಿದ್ದರಿಂದ ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಹೇಳಿಬಿಟ್ಟೆ. "ಗಾಡಿ ನಿಂತ ದಿನ ಜುಬೇದಕ್ಕ ನಮ್ಮನೆಗೆ ಮೈಸೂರುಪಾಕು ತಂದದ್ದು ಯಾವುದಕ್ಕೋ, ಅದರಿಂದ. ನಾನು ಒಂದು ತುಂಡು ತಿಂದೆ."

ಬಾನೆಟ್ಟಿನ ಆಚೆ ಕಡೆ ಅವನ ಕೊರಳ ಸೀಟಿ ಸ್ಟೀರಿಂಗಿಗೆ ತಾಗಿ ಟಿಕ್ ಎಂದದ್ದು ಕೇಳಿತು. ಆಮೇಲೆ ಚಾವಿ ತಿರುಗಿತು.

ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಎದುರಂಗಡಿಯಲ್ಲಿ ನೀರು ಕುಡಿಯುತ್ತಿದ್ದವರು ಹೋ ಎಂದು ಕೂಗಿದರು. ನಾನು ಟ್ಯೂಬ್ ಕಿವಿಗಿಟ್ಟುಕೊಂಡೆ, ಮಾಡಲು ಅದೊಂದು ಕೆಲಸವಿತ್ತು. ಅವನದರ ಉಸಿರು ದಪ್ಪವಿತ್ತು, ನನ್ನದು ಸಣ್ಣ. ಸ್ಕ್ರೂ ತಿರುಗಿಸುತ್ತ ಸಮ ಮಾಡಿದೆ, ಕೈ ಹೇಗೆ ಆಡಿತೋ ಗೊತ್ತಿಲ್ಲ. ಹೇರಂಬ ಇಳಿದು ಬಂದು ಪಕ್ಕದಲ್ಲಿ ನಿಂತ. ಗಾಡಿ ಓಡಿತೆಂದು ಕುಣಿಯುವವನು ಅಂದು ಎಂಜಿನ್ನನ್ನೇ ನೋಡುತ್ತ ನಿಂತಿದ್ದ.

"ತೊಳೆದದ್ದರಿಂದಲೇ ಅಂತಾಯ್ತು," ಎಂದ.

"ಹೂಂ."

"ಹಾಗಾದ್ರೆ ಇನ್ಮೇಲೆ ನಾನು ಮುಟ್ಟೋದಿಲ್ಲ. ಎಷ್ಟು ಕೊಳಕಾಗಿದ್ರೂ ಹಾಗೇ ತಂದು ನಿಮ್ಮ ಮುಂದಿಡ್ತೀನಿ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ." ಹೋಗುವವನು ನಿಂತು, ನನ್ನ ಕಡೆ ನೋಡದೆ ಸೇರಿಸಿದ: "ಆಮೇಲೆ ಎಲ್ಲಾದ್ರೂ ನಿಂತ್ರೆ, ತೊಳೆದದ್ದರಿಂದ ಅಂತ ಯಾರೂ ಹೇಳೋ ಹಾಗಿರಲ್ಲ ನೋಡಿ."

ಅವನು ಹೋದ ಮೇಲೂ ಆ ಮಾತನ್ನು ಹಿಡಿದುಕೊಂಡು ಕೂತಿದ್ದೆ. ಇಷ್ಟು ದಿನ ಕಾಯುವುದು ನನ್ನೊಬ್ಬಳ ಗುಟ್ಟಾಗಿತ್ತು. ಈಗ ಅದಕ್ಕೆ ಇನ್ನೊಬ್ಬರು ಪಾಲುದಾರರಾದರೋ, ಅಥವಾ ಒಳ್ಳೆಯವನೊಬ್ಬ ಪಾಪ ಎಂದು ನನಗೆ ಸಮಾಧಾನ ಹೇಳಿಹೋದನೋ, ಯಾವ ಟ್ಯೂಬ್ ಕಿವಿಗಿಟ್ಟು ಕೇಳಿದರೂ ತಿಳಿಯುವ ಹಾಗಿರಲಿಲ್ಲ.

ಮುಂದಿನ ಓಟದ ಭಾನುವಾರ ಸಾಸಿವೆ ಬಣ್ಣದ ಕಾರು ಎಂದಿಗಿಂತ ಚೆನ್ನಾಗಿ ಹತ್ತಿತು. ಏಳನೆಯ ತಿರುವಿನಲ್ಲಿ ನಾನು ಉಸಿರು ಬಿಗಿಹಿಡಿದದ್ದು ವ್ಯರ್ಥವಾಯಿತು. ಒಂಬತ್ತನೆಯದರಲ್ಲಿ ಎಂಜಿನ್ ಒಂದು ಕ್ಷಣ ಉಸಿರು ತಪ್ಪಿದ ಹಾಗೆ ಕೇಳಿತು, ನನ್ನ ಆಸೆಯೇ ಕೇಳಿಸಿರಬೇಕು ಎಂದುಕೊಂಡೆ. ಶಿಖರದಲ್ಲಿ ಗರ್ಜನೆ, ಆಮೇಲೆ ಚಪ್ಪಾಳೆ, ಸೀಟಿ, ಗದ್ದಲ. ಮೊದಲ ಬಹುಮಾನ ಹೇರಂಬನಿಗೆ ಬಂತು. ಅಪ್ಪ ಖುಷಿಯಿಂದ ಬೀದಿಗೆಲ್ಲ ಹೇಳಿಕೊಂಡು ಬಂದ, ನಮ್ಮ ಹುಡುಗಿ ಸಮ ಮಾಡಿದ ಗಾಡಿ ಅದು ಎಂದು.

ಬುಧವಾರ ಶಾಲೆ ಬಿಟ್ಟ ಮೇಲೆ ಅವನು ಬಂದ. ಟವೆಲ್ ಇರಲಿಲ್ಲ. ಎಣ್ಣೆ, ಧೂಳು ಮೆತ್ತಿ ಕಪ್ಪಾಗಿದ್ದ ಕಾರ್ಬೊರೇಟರನ್ನು ಬರಿಗೈಯಲ್ಲಿ ಹಿಡಿದು ಬೀದಿಯುದ್ದಕ್ಕೂ ನಡೆದು ಬಂದಿದ್ದ. ಜುಬೇದಕ್ಕ ಅಂಗಡಿಯಿಂದಲೇ ಕೂಗಿದರು, "ಏನ್ ಮೇಷ್ಟ್ರೇ, ಮೊದಲನೇ ಬಹುಮಾನ ಹೊಡೆದವರ ಮುಖ ಹೀಗಾ? ಯಾರಾದ್ರೂ ಹೋಗಿಬಿಟ್ಟರಾ?" ಅವನು ಅವರಿಗೆ ಕೈ ಎತ್ತಿದ, ನಿಲ್ಲಲಿಲ್ಲ. ಒಳಗೆ ಬಂದು ಅದನ್ನು ನನ್ನ ತಟ್ಟೆಯಲ್ಲಿಟ್ಟು ಸ್ಟೂಲಿನ ಮೇಲೆ ಕೂತ. ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಒರೆಸಿಕೊಳ್ಳದೆ ಅದನ್ನು ಮಡಿಚುತ್ತ ಕೂತ.

"ನಿಲ್ಲಲಿಲ್ಲ ಕಣ್ರೀ," ಎಂದ. ಓಟದಲ್ಲಿ ಕೊನೆಯವನಾಗಿ ಬಂದವನ ದನಿ ಅದು.

ನಾನು ಪೆಟ್ರೋಲ್ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದವಳು ಹಾಗೆಯೇ ಹಿಡಿದುಕೊಂಡೆ.

"ಒಂಬತ್ತನೇ ತಿರುವಲ್ಲಿ ಒಂದು ಕ್ಷಣ ಮಿಸ್ಸಿಂಗ್ ಬಂದ ಹಾಗಾಯ್ತು," ಎಂದ ಅವನು, ಬಟ್ಟೆಯನ್ನು ಇನ್ನೂ ಚಿಕ್ಕದಾಗಿ ಮಡಿಚುತ್ತ. "ನಿಲ್ಲೋದಾದ್ರೆ ನಿಲ್ಲಲಿ ಅಂತ ಆಕ್ಸಿಲರೇಟರ್ ಮೇಲಿಂದ ಕಾಲೇ ತೆಗೆದುಬಿಟ್ಟೆ. ಆಮೇಲೆ ಅದೇ ಎತ್ತಿಕೊಂಡುಬಿಡ್ತು. ನನಗೆ ಸುಮ್ಮನೆ ಅನ್ನಿಸಿದ್ದೇನೋ."

"ಇಲ್ಲ," ಎಂದೆ. ಮಾತು ತಡವಾಗಲಿಲ್ಲ, ಅವನು ಇನ್ನೂ ಅಲ್ಲೇ ಕೂತಿದ್ದ. "ನನಗೂ ಕೇಳಿಸ್ತು."